ತಂತಿಗೊಂದು ಕಿವಿ

ಕಿವಿಗೊಡುವುದೇ ನಮ್ಮ ಗೌರಿಬಿದನೂರಿನ ಕಸುಬೆಂದರೆ ಅತಿಶಯೋಕ್ತಿಯಾಗಲಾರದು. 1960ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಭೂಕಂಪ ವೀಕ್ಷಣಾ ಕೇಂದ್ರ ಭೂಗರ್ಭದ ನಡುಕಗಳನ್ನು ಆಲಿಸುತ್ತ ಬಂದಿದೆ. 1976ರಲ್ಲಿ ಸ್ಥಾಪಿತವಾದ ರೇಡಿಯೋ ದೂರದರ್ಶಕ ಆಕಾಶದಿಂದಿಳಿಯುವ ಕ್ಷೀಣ ತರಂಗಗಳನ್ನು ಅರಸಿದೆ. ಇಂಥ ಊರಿನಲ್ಲಿ ಒಂದು ಹಳೆಯ ಗಿಟಾರಿನ ದನಿ ಮೂರನೆಯ ಸಾಲಿಗೂ ಮುಟ್ಟದೆ ಹೋಗುತ್ತಿದ್ದುದು ವಿಚಿತ್ರವೇ ಸರಿ.

ಗಣೇಶೋತ್ಸವಕ್ಕೆ ಮೂರು ವಾರವಿರುವಾಗ ನನ್ನ ವಿದ್ಯಾರ್ಥಿಯೊಬ್ಬ ಆ ಗಿಟಾರನ್ನು ಮನೆಗೆ ಹೊತ್ತುತಂದ. ಅವನ ತಂದೆ ಮದುವೆಮನೆಗಳ ವಾದ್ಯಗೋಷ್ಠಿಯಲ್ಲಿ ಅದನ್ನು ನುಡಿಸುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅದು ಅಟ್ಟ ಸೇರಿತ್ತು. ಅಗ್ಗದ ವಾದ್ಯ. ಪಿಟೀಲಿನಂತೆ ಉಬ್ಬಿದ ಮೇಲ್ಹಲಗೆ. ನಡುವೆ ದುಂಡು ರಂಧ್ರಕ್ಕೆ ಬದಲಾಗಿ ಎರಡು ಪಕ್ಕದಲ್ಲೂ ಇಂಗ್ಲಿಷಿನ ‘ಎಫ್’ ಅಕ್ಷರದಂಥ ಸೀಳುಗಳು. ಈ ಬಗೆಗೆ ಆರ್ಚ್‌ಟಾಪ್ ಎಂದು ಹೆಸರು.

“ಡ್ರಮ್ಮಿನ ಮುಂದೆ ಇದು ಕೇಳಿಸುವುದೇ ಇಲ್ಲ ಸರ್. ಪಿಕಪ್ ಹಾಕಿಸಬೇಕು. ಅದಕ್ಕೆ ಹಲಗೆ ಕೊಯ್ಯಬೇಕಂತೆ, ಅಮ್ಮ ಒಪ್ಪುತ್ತಿಲ್ಲ” ಎಂದ. ತಾಯಿಯ ಮಾತು ಚಿಕ್ಕದು: “ಅವರ ಕೈ ಆಡಿದ ಮರ. ಅದಕ್ಕೆ ಗರಗಸ ಇಡಬೇಡಪ್ಪ.”

ಆ ತಾಯಿಯ ಪಕ್ಷವೇ ನನ್ನ ಪಕ್ಷವೂ ಆಗಿತ್ತು. ವಿದ್ಯುತ್ತಿನ ಹಂಗಿಲ್ಲದ ನಾದವೇ ನಾದವೆಂದು ನಂಬಿದವರ ಪೈಕಿ ನಾನೂ ಒಬ್ಬ. ಆದರೆ ಈ ಜಾತಿಯ ಗಿಟಾರಿನ ಚರಿತ್ರೆಯನ್ನು ನೋಡಿದಾಗ ನನ್ನ ಹಟ ಸ್ವಲ್ಪ ಸಡಿಲಿತು. ಅಮೆರಿಕದ ಗಿಬ್ಸನ್ ಸಂಸ್ಥೆ ‘ಎಫ್’ ಸೀಳುಗಳ ಎಲ್-5 ಗಿಟಾರನ್ನು 1922ರಲ್ಲಿ ಹೊರತಂದಿತು. ಅದೂ ತುತ್ತೂರಿಗಳ ಅಬ್ಬರದ ನಡುವೆ ತಾಳ ಹಿಡಿಯುವ ಊಳಿಗದಲ್ಲೇ ಉಳಿಯಿತು. 1936ರಲ್ಲಿ ಅದೇ ಸಂಸ್ಥೆ ಪಿಕಪ್ ಸಹಿತವಾದ ಇಎಸ್-150 ಗಿಟಾರನ್ನು ತಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ನನ ವಾದ್ಯವೃಂದವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಅದನ್ನು ಹಿಡಿದು ತುತ್ತೂರಿಗಳಿಗೆ ಸರಿಸಮನಾಗಿ ಹಾಡಿಸಿದ. 1942ರಲ್ಲಿ, ಇಪ್ಪತ್ತೈದರ ಹರೆಯದಲ್ಲೇ, ಅವನು ತೀರಿಕೊಂಡ. ಆ ಅಲ್ಪಾವಧಿಯಲ್ಲಿ ಗಿಟಾರು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದಿತ್ತು. ಕೇಳಿಸದ ವಾದ್ಯಕ್ಕೆ ಕಿವಿಯೊಂದನ್ನು ಒದಗಿಸುವುದು ಅಪಚಾರವಲ್ಲವೆಂದು ನನಗೆ ತೋರಿತು.

ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆವು. ಅವರು ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಪದರ ಅಂಟಿಸಿದ ಪ್ಲೈವುಡ್ಡು ಮೇಷ್ಟ್ರೇ. ಅಗ್ಗದ್ದಾಗಿದ್ದೇ ಒಳ್ಳೇದಾಯ್ತು” ಎಂದರು. ಧ್ವನಿವರ್ಧಕದ ಸದ್ದು ಹಲಗೆಯನ್ನು ನಡುಗಿಸಿ, ಆ ನಡುಕ ತಂತಿಯ ಮೂಲಕ ಮತ್ತೆ ಧ್ವನಿವರ್ಧಕವನ್ನೇ ಸೇರಿದರೆ ವಾದ್ಯ ಊಳಿಡತೊಡಗುತ್ತದೆ. ಇಡೀ ಮರದಲ್ಲಿ ಕೆತ್ತಿದ ಬೆಲೆಬಾಳುವ ಹಲಗೆ ಬೇಗ ಕಂಪಿಸುತ್ತದೆ. ಅಂಟಿಸಿದ ಹಲಗೆ ಅಷ್ಟಾಗಿ ಕಂಪಿಸದು. ಬಡತನದ ಕುಂದೇ ಇಲ್ಲಿ ಗುಣವಾಗಿ ಬಂದಿತ್ತು.

ಕೊಯ್ಯುವ ಅಗತ್ಯವೂ ಇರಲಿಲ್ಲ. ಉಬ್ಬು ಹಲಗೆಯ ಗಿಟಾರಿನಲ್ಲಿ ಕುದುರೆ ಎತ್ತರವಾದದ್ದರಿಂದ ತಂತಿಗಳ ಕೆಳಗೆ ಸಾಕಷ್ಟು ತೆರಪಿರುತ್ತದೆ. ಪಕ್ಕದಲ್ಲಿ ಹಲಗೆಗೆ ತಾಗದಂತೆ ನಿಂತ ಪ್ಲಾಸ್ಟಿಕ್ ಫಲಕಕ್ಕೆ ತೆಳುವಾದ ಪಿಕಪ್ಪನ್ನು ಬಿಗಿದು, ದನಿಯ ತಿರುಗುಣಿಯನ್ನೂ ತಂತಿ ಚುಚ್ಚುವ ಗೂಡನ್ನೂ ಅದರ ಮೇಲೆಯೇ ಅವರು ಕೂರಿಸಿದರು. ತಂತಿಗಳನ್ನು ತುದಿಯಲ್ಲಿ ಹಿಡಿದಿರುವ ಲೋಹದ ಪಟ್ಟಿಗೆ ಒಂದು ಸಣ್ಣ ತಂತಿ ಜೋಡಿಸಿ ‘ಅರ್ತ್’ ಕೊಟ್ಟರು, ಗುಂಯ್‌ಗುಟ್ಟುವಿಕೆ ಅಡಗಿತು. ಮರಕ್ಕೆ ಒಂದು ಮೊಳೆಯೂ ತಾಗಲಿಲ್ಲ.

ಪಿಕಪ್ಪಿನ ಒಳಗಿರುವುದು ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಉಕ್ಕಿನ ತಂತಿ ಮೇಲೆ ಮಿಡಿದಾಗ ಕಾಂತಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡ ತತ್ತ್ವವಿದು. ಭೂಮಿಯ ಕಂಪವನ್ನು ಅಳೆಯುವ ಎಷ್ಟೋ ಮಾಪಕಗಳಲ್ಲಿ ದುಡಿಯುವುದೂ ಇದೇ ಕಾಂತ, ಇದೇ ಸುರುಳಿ. ಕಾಂತವು ಉಕ್ಕಿಗೆ ಮಾತ್ರ ಓಗೊಡುವುದರಿಂದ, ಕಂಚು ಸುತ್ತಿದ ದಪ್ಪ ತಂತಿಗಳು ಪೇಲವವಾಗಿ ಕೇಳಿಸಿದುವು. ನಿಕ್ಕಲ್ ಲೇಪದ ಉಕ್ಕು ಸುತ್ತಿದವನ್ನು ಕಟ್ಟಿದ ಮೇಲೆ ಆರೂ ಸಮವಾದುವು.

ಹುಡುಗ ನುಡಿಸಿದ. ದನಿ ಅಂಗಡಿಯನ್ನು ತುಂಬಿ ಬೀದಿಗೆ ಹರಿಯಿತು. ಆದರೆ ಅವನ ಮುಖ ಅರಳಲಿಲ್ಲ. “ಇದು ಅಪ್ಪನ ಗಿಟಾರಿನ ದನಿಯಲ್ಲ” ಎಂದ.

ನಿಜವೇ. ಕಾಂತ ಕೇಳುವುದು ತಂತಿಯನ್ನು, ಮರವನ್ನಲ್ಲ. ಹಿರಿಯರು ಪೀಜೋ ಎಂಬ ಹಿತ್ತಾಳೆಯ ಬಿಲ್ಲೆಯೊಂದನ್ನು ಕುದುರೆಯ ಬದಿಯಲ್ಲಿ ಅಂಟಿಸಿ ನೋಡಿದರು. ಅದು ಮರದ ನಡುಕವನ್ನೇ ಹಿಡಿಯುವಂಥದು. ಹಳೆಯ ಗುಂಗು ಮರಳಿತು. ಆದರೆ ಬೆರಳು ತಾಗಿದ ಸದ್ದು, ಅಂಗಿಯ ಗುಂಡಿ ಉಜ್ಜಿದ ಸದ್ದು ಎಲ್ಲವೂ ಜೊತೆಗೆ ಬಂದುವು. ಧ್ವನಿ ಏರಿಸಿದೊಡನೆ ವಾದ್ಯ ಊಳಿಟ್ಟಿತು. ಬಿಲ್ಲೆಯನ್ನು ಕಿತ್ತರು. ಕಾಂತವೇ ಉಳಿಯಿತು.

ಉತ್ಸವದ ರಾತ್ರಿ ಆ ಗಿಟಾರು ಬೀದಿಯ ಕೊನೆಯವರೆಗೂ ಕೇಳಿಸಿತು. ತಾಯಿ ಹೆಂಗಸರ ಸಾಲಿನ ಹಿಂದೆ ನಿಂತು ಕೇಳಿದರು, ಏನನ್ನೂ ಹೇಳಲಿಲ್ಲ.

ಮರುದಿನ ಸಂಜೆ ಅವರ ಮನೆಗೆ ಹೋಗಿದ್ದೆ. ಕರೆಂಟು ಹೋಗಿತ್ತು. ಹುಡುಗ ಜಗಲಿಯ ಮೇಲೆ ಕುಳಿತು, ಯಾವ ತಂತಿಯನ್ನೂ ಚುಚ್ಚದೆ, ಬರಿಯ ಮರವನ್ನೇ ನುಡಿಸುತ್ತಿದ್ದ. ಒಳಗೆ ಪಾತ್ರೆಯ ಸದ್ದು ನಿಂತಿತು. ತಾಯಿ ಬಾಗಿಲಿಗೆ ಬಂದು, “ನೆನ್ನೆಯದು ಊರಿಗೆ ಮೇಷ್ಟ್ರೇ, ಇದು ನಮಗೆ” ಎಂದರು.

ಹಲಗೆಯನ್ನು ಕೊಯ್ದಿದ್ದರೆ ಈ ಎರಡನೆಯ ದನಿ ಹೀಗೇ ಉಳಿಯುತ್ತಿತ್ತೆ? ಹಳೆಯದಕ್ಕೆ ಹೊಸದನ್ನು ಸೇರಿಸಬೇಕಾದಾಗಲೆಲ್ಲ ನನಗೀಗ ಆ ಪ್ಲಾಸ್ಟಿಕ್ ಫಲಕದ ನೆನಪಾಗುತ್ತದೆ. ಬೇಕೆಂದಾಗ ಬಿಚ್ಚಬರುವಂತೆ ಸೇರಿಸಿದವರು ಆ ಹಿರಿಯರು. ಹಾಗೆ ಸೇರಿಸಬೇಕೆಂಬ ಬುದ್ಧಿ ಕೊಟ್ಟವರು, ಗಿಟಾರು ನುಡಿಸಲರಿಯದ ಆ ತಾಯಿ.