ನಿಮಗಿದು ಗೊತ್ತೇ? ಹರಳೆಣ್ಣೆಯಿಂದ ರೇಸ್ ಟ್ರ್ಯಾಕಿಗೆ

ಹೊಳಲೂರಿನಿಂದ ಶಿವಮೊಗ್ಗಕ್ಕೆ ಹೋಗುವಾಗ ಗ್ಯಾರೇಜಿನ ಮುಂದೆ ಕೆಂಪು-ಹಸಿರು ಕ್ಯಾಸ್ಟ್ರಾಲ್ ಬೋರ್ಡು ಕಂಡರೆ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯನ್ನು ನೆನೆಯಿರಿ. ಆ ಬ್ರ್ಯಾಂಡಿನ ಹೆಸರು ಹುಟ್ಟಿದ್ದೇ ಅದರಿಂದ, ಅಂದರೆ ಕ್ಯಾಸ್ಟರ್ ಆಯಿಲ್‌ನಿಂದ.

ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಕಂಪನಿ ಮೊದಲು ಮಾರಿದ್ದು ರೈಲು ಮತ್ತು ಭಾರಿ ಯಂತ್ರಗಳ ಎಣ್ಣೆ. ಕಾರು, ವಿಮಾನಗಳ ಕಾಲ ಬಂದಾಗ, 1909ರಲ್ಲಿ, ಹರಳೆಣ್ಣೆ ಬೆರೆಸಿದ ಕ್ಯಾಸ್ಟ್ರಾಲ್ ಹೊರಬಂತು.

ಹರಳೆಣ್ಣೆಯೇ ಯಾಕೆ? ಅದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಅದರ ಗುಣದಿಂದಲೇ ಈ ಎಣ್ಣೆ ಮಂದವಾಗಿರುತ್ತದೆ, ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಂಜಿನ್ ಕಾದು ಕುದಿಯುವಾಗಲೂ ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ತೆಳು ಪೊರೆಯಾಗಿ ನಿಲ್ಲುತ್ತದೆ. ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆತು ತೆಳ್ಳಗಾಗುವುದಿಲ್ಲ. ರೇಸ್ ಗೆಲ್ಲಬೇಕಾದರೆ ಎಂಜಿನ್ ಮೊದಲು ಸೀಜ್ ಆಗದೆ ಉಳಿಯಬೇಕಲ್ಲ! ಎತ್ತಿನಗಾಡಿಯ ಅಚ್ಚಿಗೆ ಹರಳೆಣ್ಣೆ ಹಚ್ಚುತ್ತಿದ್ದ ನಮ್ಮ ರೈತರಿಗೆ ಈ ಗುಣ ಯಾವತ್ತೋ ಗೊತ್ತಿತ್ತು.

ಒಂದು ದೋಷವೂ ಇತ್ತು. ಕಾದ ಹರಳೆಣ್ಣೆ ಎಂಜಿನ್ನಿನೊಳಗೆ ಅಂಟಾಗಿ ಕೂರುತ್ತದೆ. ಆಗಾಗ ಬಿಚ್ಚಿ ತೊಳೆಯಲೇಬೇಕು.

ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಿಗೂ ಇದೇ ಎಣ್ಣೆ. ಹೊಗೆಯ ಜೊತೆ ಚಿಮ್ಮಿದ ಹನಿಗಳನ್ನು ನುಂಗಿದ ಪೈಲಟ್‌ಗಳಿಗೆ ಭೇದಿ ಹಿಡಿಯುತ್ತಿತ್ತು.

ಅಂದ ಹಾಗೆ, ಈ ಎಣ್ಣೆ ಕೊಡುವ ಹರಳನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ದೇಶ ಭಾರತ. ಗುಜರಾತಿನದ್ದು ಸಿಂಹಪಾಲು.

ಮತ್ತೆ ಕ್ಯಾಸ್ಟ್ರಾಲ್ ಕಥೆಗೆ ಬರೋಣ. ವೇಗದ ದಾಖಲೆಗೆ ಹೊರಟವರಿಗೆ ವೇಕ್‌ಫೀಲ್ಡ್ ಕೈಬಿಚ್ಚಿ ಹಣ ಕೊಟ್ಟರು. 1930ರ ಜೂನ್ 13ರಂದು ವಿಂಡರ್‌ಮಿಯರ್ ಸರೋವರದಲ್ಲಿ ಅವರ ‘ಮಿಸ್ ಇಂಗ್ಲೆಂಡ್ 2’ ದೋಣಿಯಲ್ಲಿ ಹೆನ್ರಿ ಸೀಗ್ರೇವ್ ಜಲವೇಗದ ದಾಖಲೆ ಮುರಿದರು. ಅದೇ ದಿನ ಅಲ್ಲೇ ದೋಣಿ ಮಗುಚಿ ಪ್ರಾಣ ಬಿಟ್ಟರು. 1997ರಲ್ಲಿ ಗಂಟೆಗೆ 1,228 ಕಿ.ಮೀ. ಓಡಿ ನೆಲದ ಮೇಲೆ ಶಬ್ದದ ವೇಗವನ್ನೇ ಮೀರಿದ ಥ್ರಸ್ಟ್ ಎಸ್‌ಎಸ್‌ಸಿ ಕಾರಿಗೂ ಕ್ಯಾಸ್ಟ್ರಾಲ್ ಪ್ರಾಯೋಜಕ.

ಹೊಂಡಾದ ಗ್ರ್ಯಾಂಡ್ ಪ್ರಿ ಬೈಕುಗಳ ಮೇಲೆ 1995ರಿಂದ 30 ವರ್ಷ ಇದ್ದದ್ದು ಸ್ಪೇನಿನ ತೈಲ ಕಂಪನಿ ರೆಪ್ಸಾಲ್ ಹೆಸರು. 2025ರಲ್ಲಿ ಆ ಜಾಗ ಕ್ಯಾಸ್ಟ್ರಾಲ್ ಪಾಲಾಯಿತು.

ರೇಸ್ ಬಿಟ್ಟು ನಮ್ಮ ರಸ್ತೆಗೆ ಬಂದರೆ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕ್ ಓಡಿಸಿದವರಿಗೆ ಆಯಿಲ್ ಲೆಕ್ಕ ಬಾಯಿಪಾಠ. ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲ್ ಹಾಕಿಸುವಾಗಲೇ ಅಳತೆ ನೋಡಿ ಟ್ಯಾಂಕಿಗೆ 2ಟಿ ಆಯಿಲ್ ಬೆರೆಸಬೇಕಿತ್ತು. ಸೈಲೆನ್ಸರಿನ ನೀಲಿ ಹೊಗೆ ಅದರದ್ದೇ.

ಇನ್ನು ನಮ್ಮ ಹೆಮ್ಮೆಯ ಮಾತು. ಮರುಭೂಮಿಯಲ್ಲಿ ನಡೆಯುವ ಡಕಾರ್ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್, 2015ರಲ್ಲಿ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಟಿವಿಎಸ್ ತಂಡದಿಂದ ಅದೇ ರ‍್ಯಾಲಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಜಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಟಿವಿಎಸ್ ರೇಸಿಂಗ್ ತಂಡದ ಹೆಸರಿಗೆ 2022ರಲ್ಲಿ ಮಲೇಷ್ಯಾದ ತೈಲ ಕಂಪನಿ ಪೆಟ್ರೋನಾಸ್ ಹೆಸರೂ ಸೇರಿತು. ಫಾರ್ಮುಲಾ ಒನ್‌ನ ಮರ್ಸಿಡಿಸ್ ಕಾರುಗಳ ಮೇಲೆ 2010ರಿಂದ ಕಾಣುವುದು ಇದೇ ಪೆಟ್ರೋನಾಸ್.

ಕೊನೆಗೊಂದು ಮಾತು. ಕಾರಿನ ಆಯಿಲ್ ಉಳಿದಿದೆಯೆಂದು ಬೈಕಿಗೆ ಸುರಿಯಬಾರದು, ಯಾಕೆ ಗೊತ್ತೇ? ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಮುಳುಗಿರುವುದು ಎಂಜಿನ್ ಆಯಿಲ್‌ನಲ್ಲೇ. ಕಾರಿನ ಆಯಿಲ್‌ಗೆ ಜಾರಿಕೆ ಹೆಚ್ಚಿಸಲು ಬೆರೆಸುವ ರಾಸಾಯನಿಕಗಳಿಂದ ಕ್ಲಚ್ ಹಿಡಿತ ತಪ್ಪಬಹುದು. ಆಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರು ಹತ್ತುವುದಿಲ್ಲ. ಡಬ್ಬಿಯ ಹಿಂಬದಿಯಲ್ಲಿ, ಇಂಥ ಕ್ಲಚ್‌ಗೆ ಹೊಂದುತ್ತದೆಂದು ತಿಳಿಸುವ ‘ಜಾಸೋ ಎಂಎ’ ಗುರುತು ನೋಡಿ ಕೊಳ್ಳಿ.