ಮೊದಲು ನೆರವು, ಆಮೇಲೆ ಮಾರಾಟ
ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕಬ್ಬಿನ ಸಸಿ ಬೆಳೆಸಿ ಮಾರುವವರು ಗಿರಾಕಿಗಳನ್ನು ಹುಡುಕಿ ಅಲೆಯಬೇಕಾಗಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಸರತಿಗೆ ಕಾಯುವಾಗ, ನಿಪ್ಪಾಣಿಯ ಸಂತೆಯಲ್ಲಿ ಸೇರಿದಾಗ ನೆರೆಯವರ ತೊಂದರೆಯನ್ನು ಕೇಳಿರಿ.

ಒಬ್ಬರ ಕಬ್ಬಿನಲ್ಲಿ ಬಿಳಿಚಿದ, ಹುಲ್ಲಿನಂಥ ಮರಿಗಳು ಗುಂಪಾಗಿ ಎದ್ದಿವೆಯೆನ್ನಿ. ಅದು ಬೀಜದ ತುಂಡಿನಿಂದ ಹರಡುವ ಹುಲ್ಲುಜಡೆ ರೋಗ. ಅವನ್ನು ಬುಡಸಮೇತ ಕಿತ್ತು ಸುಡಬೇಕು. ಬೀಜಕ್ಕೆ 8ರಿಂದ 10 ತಿಂಗಳ ಆರೋಗ್ಯವಂತ ಬೆಳೆಯನ್ನೇ ಆರಿಸಬೇಕು, ಕೂಳೆಯನ್ನಲ್ಲ ಎಂದು ವಿವರಿಸಿರಿ.

ಆಗ ನಿಮ್ಮ ಸಸಿಯ ಮಾತು ಎತ್ತಬೇಡಿರಿ. ತಿಳಿಯದ್ದನ್ನು ತಿಳಿಯದೆಂದೇ ಹೇಳಿರಿ. ನೋಡಬಯಸಿದವರಿಗೆ ನಿಮ್ಮ ಬೀಜದ ತಾಕನ್ನು ತೋರಿಸಿರಿ. ರೋಗದ ಸಸಿ ಮಾರಿದರೆ ಕೊಂಡವನಿಗೆ ಕೂಳೆ ಬೆಳೆಯಲ್ಲಿಯೂ ನಷ್ಟ. ನಿಮಗೆ ಊರಿನ ನಂಬಿಕೆಯೇ ನಷ್ಟ. ನಂಬಿಕೆ ಉಳಿದರೆ ಗಿರಾಕಿ ತಾನಾಗಿಯೇ ಬರುತ್ತಾನೆ.