ಜಾನ್ ಡಿಂಗೆಲ್

ಜಾನ್ ಡೇವಿಡ್ ಡಿಂಗೆಲ್ ಜೂನಿಯರ್ (ಜುಲೈ ೮, ೧೯೨೬ – ಫೆಬ್ರವರಿ ೭, ೨೦೧೯) ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಕಾರಣಿ ಹಾಗೂ ಡೆಮಾಕ್ರಟಿಕ್ ಪಕ್ಷದ ಮುಖಂಡ. ಆ ದೇಶದ ಸಂಸತ್ತಾದ ಕಾಂಗ್ರೆಸ್ಸಿನ ಇತಿಹಾಸದಲ್ಲಿ ಅತಿ ದೀರ್ಘಕಾಲ ಸದಸ್ಯರಾಗಿದ್ದವರು ಇವರೇ. ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಪ್ರದೇಶವನ್ನು ೧೯೫೫ರ ಡಿಸೆಂಬರ್‌ನಿಂದ ೨೦೧೫ರ ಜನವರಿಯವರೆಗೆ ಪ್ರತಿನಿಧಿ ಸಭೆಯಲ್ಲಿ ಪ್ರತಿನಿಧಿಸಿದರು. ಆ ಸಭೆಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ ಎಂಬುದನ್ನು ನೆನೆದರೆ ಈ ಐವತ್ತೊಂಬತ್ತು ವರ್ಷಗಳ ಅವಧಿ ಎಷ್ಟು ಅಪರೂಪದ್ದೆಂದು ತಿಳಿಯುತ್ತದೆ.

ಆರಂಭಿಕ ಜೀವನ

ಡಿಂಗೆಲ್ ಹುಟ್ಟಿದ್ದು ಕೊಲರಾಡೊ ರಾಜ್ಯದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ. ಕ್ಷಯರೋಗಕ್ಕೆ ತುತ್ತಾಗಿದ್ದ ತಂದೆ ಆರೋಗ್ಯವನ್ನರಸಿ ಅಲ್ಲಿಗೆ ಹೋಗಿದ್ದರು. ತಂದೆಯ ಹೆಸರೂ ಜಾನ್ ಡಿಂಗೆಲ್. ಅವರು ೧೯೩೩ರಿಂದ ಪ್ರತಿನಿಧಿ ಸಭೆಯ ಸದಸ್ಯರು. ಮಗ ಹದಿಹರೆಯದಲ್ಲಿ ಅದೇ ಸಭೆಯಲ್ಲಿ ಕಾಗದಪತ್ರಗಳನ್ನು ತಲುಪಿಸುವ ಸೇವಕನಾಗಿ ದುಡಿದನು. ಜಪಾನಿನ ವಿರುದ್ಧ ಯುದ್ಧ ಘೋಷಿಸುವಂತೆ ಅಧ್ಯಕ್ಷ ರೂಸ್‌ವೆಲ್ಟ್ ೧೯೪೧ರ ಡಿಸೆಂಬರ್ ೮ರಂದು ಮಾಡಿದ ಭಾಷಣವನ್ನು ಆತ ಸಭಾಂಗಣದಲ್ಲಿದ್ದೇ ಕೇಳಿದ್ದನು. ಮುಂದೆ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನೂ ಕಾನೂನನ್ನೂ ಓದಿದ ಡಿಂಗೆಲ್, ೧೯೫೫ರಲ್ಲಿ ತಂದೆ ತೀರಿಕೊಂಡಾಗ ತೆರವಾದ ಸ್ಥಾನಕ್ಕೆ ಉಪಚುನಾವಣೆಯಲ್ಲಿ ಆಯ್ಕೆಯಾದರು.

ಆರೋಗ್ಯ ವಿಮೆಯ ಮಸೂದೆ

ರಾಷ್ಟ್ರೀಯ ಆರೋಗ್ಯ ವಿಮೆಗಾಗಿ ೧೯೪೩ರಲ್ಲಿ ಮಸೂದೆ ತಂದವರಲ್ಲಿ ತಂದೆ ಒಬ್ಬರು. ಅದು ಅಂಗೀಕಾರವಾಗಲಿಲ್ಲ. ಮಗ ಅದೇ ಉದ್ದೇಶದ ಮಸೂದೆಯನ್ನು ಪ್ರತಿ ಹೊಸ ಕಾಂಗ್ರೆಸ್ಸಿನ ಆರಂಭದಲ್ಲಿಯೂ ಮಂಡಿಸುತ್ತ ಬಂದರು. ಸೋಲುವುದು ಖಚಿತವೆಂದು ತಿಳಿದೂ ದಶಕಗಳ ಕಾಲ ಬಿಡದೆ ನಡೆಸಿದ ಈ ಕಾರ್ಯವೇ ಅವರ ಸಾರ್ವಜನಿಕ ಬದುಕಿನ ನಿಜವಾದ ಎಳೆ. ವೃದ್ಧರ ಚಿಕಿತ್ಸೆಗೆ ನೆರವಾಗುವ ಮೆಡಿಕೇರ್ ಮಸೂದೆಯನ್ನು ೧೯೬೫ರಲ್ಲಿ ಸಭೆ ಅಂಗೀಕರಿಸಿದಾಗ ಅಧ್ಯಕ್ಷಪೀಠದಲ್ಲಿದ್ದವರು ಡಿಂಗೆಲ್. ಆಗ ಬಳಸಿದ ಮರದ ಸುತ್ತಿಗೆಯನ್ನೇ ೨೦೧೦ರಲ್ಲಿ, ಒಬಾಮಾ ಆಡಳಿತದ ಆರೋಗ್ಯ ಸುಧಾರಣೆಯ ಮಸೂದೆಯ ಮೇಲೆ ಮತದಾನ ನಡೆದ ದಿನ, ಸಭಾಧ್ಯಕ್ಷೆ ನ್ಯಾನ್ಸಿ ಪೆಲೋಸಿಯವರಿಗೆ ಕೊಟ್ಟರು.

೧೯೬೪ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಬೆಂಬಲಿಸಿದ್ದು ಅವರಿಗೆ ದುಬಾರಿಯಾಗಬಹುದಿತ್ತು. ಕ್ಷೇತ್ರಗಳ ಮರುವಿಂಗಡಣೆಯಿಂದಾಗಿ, ಕಾಯಿದೆಯ ವಿರುದ್ಧ ಮತ ಹಾಕಿದ್ದ ಸ್ವಪಕ್ಷದ ಇನ್ನೊಬ್ಬ ಸದಸ್ಯರನ್ನು ಅವರು ಅದೇ ವರ್ಷ ಎದುರಿಸಬೇಕಾಯಿತು, ಗೆದ್ದರು.

ಪರಿಸರ ಮತ್ತು ಮೋಟಾರು ಉದ್ಯಮ

ಬೇಟೆಯ ಹವ್ಯಾಸವಿದ್ದ ಡಿಂಗೆಲ್, ೧೯೭೩ರ ಅಳಿವಿನಂಚಿನ ಜೀವಿಗಳ ಸಂರಕ್ಷಣಾ ಕಾಯಿದೆಯ ರೂವಾರಿಗಳಲ್ಲಿ ಪ್ರಮುಖರು. ಆದರೆ ಕಾರು ತಯಾರಿಕೆಯೇ ಅವರ ಪ್ರದೇಶದ ಜೀವನಾಧಾರ. ಹೀಗಾಗಿ ವಾಹನಗಳ ಹೊಗೆಯ ಮೇಲೆ ಕಠಿಣ ಮಿತಿ ಹೇರುವ ಪ್ರಯತ್ನಗಳನ್ನು ವರ್ಷಗಟ್ಟಲೆ ತಡೆದರು. ೧೯೯೦ರಲ್ಲಿ ರಾಜಿಯಾಗಿ ಶುದ್ಧ ಗಾಳಿ ಕಾಯಿದೆಯ ತಿದ್ದುಪಡಿಗೆ ದಾರಿಮಾಡಿಕೊಟ್ಟರು. ಈ ಇಬ್ಬಗೆಯ ನಿಲುವನ್ನು ಪರಿಸರವಾದಿಗಳು ಕ್ಷಮಿಸಲಿಲ್ಲ. ೧೯೮೧ರಿಂದ ೧೯೯೫ರವರೆಗೆ, ಮತ್ತೆ ೨೦೦೭ರಿಂದ, ಅವರು ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷರಾಗಿದ್ದರು. ೨೦೦೮ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಹೆನ್ರಿ ವ್ಯಾಕ್ಸ್‌ಮನ್ ೧೩೭–೧೨೨ ಮತಗಳಿಂದ ಅವರನ್ನು ಸೋಲಿಸಿ ಆ ಸ್ಥಾನ ಪಡೆದರು.

ಸಮಿತಿಯ ಅಧ್ಯಕ್ಷರಾಗಿ ಸರ್ಕಾರಿ ಇಲಾಖೆಗಳಿಗೆ ಅವರು ಬರೆಯುತ್ತಿದ್ದ ಪ್ರಶ್ನಾಪತ್ರಗಳಿಗೆ 'ಡಿಂಗೆಲ್‌ಗ್ರಾಮ್' ಎಂಬ ಅಡ್ಡಹೆಸರೇ ಬಿದ್ದಿತ್ತು. ಎಲ್ಲ ತನಿಖೆಗಳೂ ಅವರಿಗೆ ಕೀರ್ತಿ ತರಲಿಲ್ಲ. ಸಂಶೋಧನೆಯಲ್ಲಿ ವಂಚನೆಯ ಆರೋಪ ಹೊತ್ತು ಅವರ ಸಮಿತಿಯ ವಿಚಾರಣೆಗೆ ವಸ್ತುವಾದ ವಿಜ್ಞಾನಿಯೊಬ್ಬರು ೧೯೯೬ರಲ್ಲಿ ಮೇಲ್ಮನವಿಯಲ್ಲಿ ನಿರ್ದೋಷಿಯೆನಿಸಿದರು.

ಕೊನೆಯ ವರ್ಷಗಳು

೨೦೧೩ರ ಜೂನ್ ೭ರಂದು ಸೆನೆಟರ್ ರಾಬರ್ಟ್ ಬರ್ಡ್ ಅವರ ದಾಖಲೆಯನ್ನು ಮೀರಿದರು. ೨೦೧೪ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. ಅದೇ ವರ್ಷದ ಚುನಾವಣೆಗೆ ಅವರು ನಿಲ್ಲಲಿಲ್ಲ. ಪತ್ನಿ ಡೆಬ್ಬಿ ಡಿಂಗೆಲ್ ಆಯ್ಕೆಯಾದರು. ನಿವೃತ್ತಿಯ ನಂತರ ಟ್ವಿಟರ್‌ನಲ್ಲಿ ಬರೆಯುತ್ತಿದ್ದ ಚುರುಕಿನ ಮಾತುಗಳಿಂದ ಹೊಸ ತಲೆಮಾರಿಗೂ ಪರಿಚಿತರಾದರು. ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ೯೨ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಮಾಧಿ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿದೆ.